ನಲವತ್ತು ತುಂಬೂದ್ರೊಳಗ

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಾಡುವ ಸಂಗಯ್ಯ ವಿಚಾರ ಮಾಡದೆ ಯಾವುದಕ್ಕೂ ಕೈ ಹಾಕುವವನಲ್ಲ. ಅಟಲ್ ಪಿಂಚಣಿಗೆ ಸೇರಬೇಕೋ ಬೇಡವೋ ಎಂದು ಮೂರು ವರ್ಷ ವಿಚಾರ ಮಾಡಿದ. ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಪ್ರತಿ ರವಿವಾರ ಓಣಿಯ ನಿವೃತ್ತ ಮಾಸ್ತರ ವಾಸುದೇವರಾಯರನ್ನು ಕೇಳುತ್ತಿದ್ದ. "ಅರವತ್ತಾಗೂತನಕ ರೊಕ್ಕ ತುಂಬಬೇಕು. ಸರಕಾರದ ಮ್ಯಾಲೆ ಭರೋಸಾ ಇಡಬ್ಯಾಡಪಾ," ಎನ್ನುತ್ತಿದ್ದರು ಅವರು. ತಿಂಗಳ ಕೊನೆಗೆ ಸರಕಾರದ ಪಿಂಚಣಿ ಬಂತೇನೆಂದು ಮೊಬೈಲ್ ಹಿಡಿದು ಕೂರುವವರೂ ಅವರೇ.

ಶ್ರಾವಣಕ್ಕೆ ನಲವತ್ತು, ಇನ್ನೂ ಎರಡು ತಿಂಗಳಿದೆ ಎಂದುಕೊಂಡು ಸಂಗಯ್ಯ ಕಡೆಗೊಮ್ಮೆ ಬ್ಯಾಂಕಿಗೆ ಹೋದ. ಕ್ಲಾರ್ಕ್ ಆಧಾರ್ ನೋಡಿ, "ನಿಮಗ ಜೂನ್ ಒಂದಕ್ಕ ನಲವತ್ತು ತುಂಬೇದರಿ, ಇನ್ನ ಸೇರಾಕ ಬರೂದಿಲ್ಲ," ಎಂದಳು. ಚಿಕ್ಕಂದಿನಲ್ಲಿ ಶಾಲೆಗೆ ಹಚ್ಚುವಾಗ ಯಾರೋ ಮಾಸ್ತರು ತಾವೇ ಬರೆದುಕೊಂಡ ತಾರೀಖು ಅದು.

ಮನೆಯಲ್ಲಿ ಸೀರೆ ನೇಯುತ್ತಿದ್ದ ಹೆಂಡತಿ ಬನಶಂಕರಿ ಎಲ್ಲ ಕೇಳಿದಳು, ಮಗ್ಗ ನಿಲ್ಲಿಸಲಿಲ್ಲ.

"ನಾ ಹ್ವಾದ ವರ್ಷನ ಸೇರೇನ್ರಿ."

"ನನ್ನ ಯಾಕ ಕೇಳಲಿಲ್ಲ?"

"ನಿಮ್ಮನ್ನ ಕೇಳಿದ್ರ ನೀವು ಮಾಸ್ತರನ್ನ ಕೇಳತಿದ್ರಿ."

ಸಂಗಯ್ಯ ಸಿಟ್ಟಿನಿಂದ ಊಟ ಬೇಡವೆಂದ. ನಾಮಿನಿ ಯಾರೆಂದು ಕೇಳಿ, ತಾನೇ ಎಂದು ತಿಳಿದ ಮೇಲೆ ತಾಟಿನ ಮುಂದೆ ಬಂದು ಕೂತ.