ಹುಣಸೆಹಣ್ಣಿನಲ್ಲಿ ತೊಳೆದ ಬೋಲ್ಟುಗಳು

ಆ ದಿನಗಳಲ್ಲಿ ಜಯನಗರದ ಅಜ್ಜಿ ಮನೆಯ ಮುಂದೆ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಚೌಕ ಬರೆದರೆ ಸಂಜೆಯವರೆಗೂ ಗೆರೆ ಅಳಿಸುತ್ತಿರಲಿಲ್ಲ. ಅಷ್ಟು ಕಡಿಮೆ ಗಾಡಿಗಳು ಓಡಾಡುತ್ತಿದ್ದ ಅಡ್ಡರಸ್ತೆ ಅದು. ದಸರಾ ರಜೆ ಶುರುವಾದ ಮರುದಿನವೇ ಅಪ್ಪ ಕುಮಾರಸ್ವಾಮಿ ಲೇಔಟಿನಿಂದ ನನ್ನನ್ನು ಸ್ಕೂಟರಿನಲ್ಲಿ ಕರೆತಂದು ಅಲ್ಲಿ ಬಿಟ್ಟು ಹೋಗುತ್ತಿದ್ದರು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಗೇಟಿನ ಸದ್ದಿಗೇ ಒಳಗಿನಿಂದ “ಕಾಲು ತೊಳ್ಕೊಂಡು ಬಾ” ಎಂಬ ಕೂಗು ಬರುತ್ತಿದ್ದ ಮನೆ.

ಆ ಮನೆಯ ಪಕ್ಕದ ಷೆಡ್ಡಿನಲ್ಲಿ, ತಾಡಪಾಲಿನ ಕೆಳಗೆ, ತಾತನ ಕಾರು ಇತ್ತು. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಉದ್ದ ಮೂತಿಯ ವಿಲಾಯತಿ ಸ್ಪೋರ್ಟ್ಸ್ ಕಾರು. ಆಫೀಸಿನ ಹಿರಿಯ ಅಧಿಕಾರಿಯೊಬ್ಬರು ಊರು ಬಿಡುವಾಗ ತಾತ ಅದನ್ನು ಕೊಂಡಿದ್ದರಂತೆ. ನಾನು ಹುಟ್ಟುವ ಮೊದಲೇ ತಾತ ತೀರಿಕೊಂಡರು. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕೆಂಪು ಬಣ್ಣ ಒಣಗಿದ ಕುಂಕುಮದಂತಾಗಿತ್ತು. ಸೀಟಿನ ಹೊಟ್ಟೆ ಬಗೆದು ಬೆಕ್ಕೊಂದು ಪ್ರತಿ ವರ್ಷ ಅಲ್ಲಿ ಮರಿ ಹಾಕುತ್ತಿತ್ತು. ಅಜ್ಜಿ ಷೆಡ್ಡಿನ ಕಡೆಗೆ ಹೋಗುತ್ತಲೇ ಇರಲಿಲ್ಲ. ಬಟ್ಟೆ ಒಣಹಾಕಲು ಸಹ ಬಳಸುದಾರಿ ಹಿಡಿಯುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದ ಆ ದಸರೆಯಲ್ಲಿ ಸೀನ ಮಾವ ತಾಡಪಾಲು ಎಳೆದರು.

ಸೀನ ಮಾವ ಅಮ್ಮನ ತಮ್ಮ. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಒಂದು ವರ್ಷವಾಗಿತ್ತು. ಆ ವರ್ಷವಿಡೀ ಅವರು ಮನೆಯೊಳಗೆ ಬಾಡಿಗೆಗಿದ್ದವರಂತೆ ಇದ್ದರು. ಊಟಕ್ಕೆ ಕರೆದರೆ ಬರುವುದು, ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗುವುದು. ಅದಕ್ಕೂ ಮೊದಲು ಅವರು ಅರ್ಧಕ್ಕೆ ಬಿಟ್ಟ ವಸ್ತುಗಳು ಮನೆ ತುಂಬ ಇದ್ದವು: ಬೆನ್ನು ಬಿಚ್ಚಿದ ರೇಡಿಯೋ, ಮೀನಿಲ್ಲದ ಗಾಜಿನ ತೊಟ್ಟಿ, ಎರಡು ತಂತಿಯ ಗಿಟಾರು.

“ಶುರು ಮಾಡೋಕೆ ಅವನು ಹುಟ್ಟಿರೋದು, ಗುಡಿಸಿ ಹೊರಗೆ ಹಾಕೋಕೆ ನಾನು,” ಎಂದರು ಅಜ್ಜಿ, ತಾಡಪಾಲಿನ ಧೂಳು ಅಂಗಳಕ್ಕೆ ಬಂದಾಗ. “ನೋಡೋ ಸೀನ, ದೀಪಾವಳಿ ಹೊತ್ತಿಗೆ ಅದು ಒಂದ್ಸಲನಾದ್ರೂ ಸದ್ದು ಮಾಡ್ಬೇಕು. ಇಲ್ಲಾಂದ್ರೆ ಗುಜರಿಯವನನ್ನ ನಾನೇ ಕರೀತೀನಿ.”

“ಮಾಡುತ್ತೆ ಬಿಡಮ್ಮ.”

“ರೇಡಿಯೋಗೂ ಹಿಂಗೇ ಅಂದಿದ್ದೆ.”

ಜರಗನಹಳ್ಳಿಯಿಂದ ಗೌಸ್ ಅಂಕಲ್ ಬಂದರು. ತಾತನ ಕಾಲದಲ್ಲಿ ಈ ಕಾರಿಗೆ ಕೈ ಹಾಕುತ್ತಿದ್ದ ಮೆಕ್ಯಾನಿಕ್ ಅವರೊಬ್ಬರೇ. ಆಗಲೇ ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟಿದ್ದರು. ಬಾನೆಟ್ಟು ಎತ್ತಿ, ಎಂಜಿನ್ನಿಗೆ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಟ್ಟರು. ಮೂರನೆಯ ದಿನ ಮೂತಿಯಲ್ಲಿ ಕಬ್ಬಿಣದ ಹಿಡಿ ಹಾಕಿ ತಿರುಗಿಸಿದಾಗ ಒಳಗೆ ಏನೋ ಮಿಸುಕಿತು.

“ಜೀವ ಇದೆ ಸೀನಣ್ಣ,” ಎಂದರು. “ಎಂಜಿನ್ನು ಕಚ್ಕೊಂಡಿಲ್ಲ. ಬಿಚ್ಚೋದು ಸುಲಭ. ಬಿಚ್ಚಿದ್ದು ಎಲ್ಲಿಂದು ಅಂತ ಬರ್ಕೊಳ್ಳೋರು ಬೇಕು. ಅದೇ ಕಷ್ಟ.”

ಮಾವ ನನ್ನ ಕಡೆ ತಿರುಗಿದರು. “ಪುಟ್ಟಿ, ನಿನ್ನ ಅಕ್ಷರ ಚೆನ್ನಾಗಿದೆ ಅಲ್ವಾ?”

ನಾನು ಹೆಚ್ಚು ಮಾತಾಡುವ ಹುಡುಗಿಯಾಗಿರಲಿಲ್ಲ. ಆದರೆ ಬರೆಯುವ ಕೆಲಸ ನನಗೆ ಒಪ್ಪುತ್ತಿತ್ತು. ಉಪ್ಪಿನಕಾಯಿ ಬಾಟಲಿ, ಐಸ್‌ಕ್ರೀಮ್ ಡಬ್ಬ, ಸಿಹಿತಿಂಡಿಯ ರಟ್ಟಿನ ಪೆಟ್ಟಿಗೆ, ಹೀಗೆ ಇಪ್ಪತ್ತಾರು ಡಬ್ಬ ಹೊಂದಿಸಿದೆ. ಬಿಚ್ಚಿದ ಒಂದೊಂದು ಭಾಗದ ನಟ್ಟು ಬೋಲ್ಟುಗಳನ್ನು ಒಂದೊಂದು ಡಬ್ಬಕ್ಕೆ ಹಾಕಿ, ಮೇಲೊಂದು ಚೀಟಿ ಇಟ್ಟೆ: ‘ನೀರಿನ ಪಂಪು, ಎಡಗಡೆ, ನಾಲ್ಕು.’ ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದೆ. ಸೀಮೆಎಣ್ಣೆಯ ವಾಸನೆ ನನ್ನ ಜಡೆಗೂ ಹತ್ತಿತ್ತು. ಸಂಜೆ ದಸರಾ ಗೊಂಬೆಗಳ ಮುಂದೆ ಕೂತು ಕಡಲೆಕಾಳಿನ ಉಸಲಿ ತಿನ್ನುವಾಗ ಬೆರಳಲ್ಲಿ ಅದೇ ವಾಸನೆ. ಮಾವ ಊಟದ ನಡುವೆ ತಾವಾಗಿಯೇ ಮಾತಾಡತೊಡಗಿದರು. ತಾತ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲಘಟ್ಟಪುರದವರೆಗೆ ಹೋಗಿದ್ದು, ದಾರಿಯುದ್ದಕ್ಕೂ ಹೊಲ ಇದ್ದದ್ದು, ವಾಪಸು ಬರುವಾಗ ಗಾಳಿಗೆ ಕಣ್ಣು ಬಿಡಲಾಗದೆ ಮುಚ್ಚಿಕೊಂಡೇ ಕೂತಿದ್ದು. ಒಂದು ರಾತ್ರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಅಜ್ಜಿ ಅದನ್ನು ನೋಡಿದ್ದನ್ನು ನಾನು ನೋಡಿದೆ.

ಆಯುಧಪೂಜೆಯ ಹಿಂದಿನ ಮಧ್ಯಾಹ್ನ ಮಾವ ಬೂದುಗುಂಬಳ, ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಷೆಡ್ಡಿನಲ್ಲಿ ಚೀಟಿ ಸರಿಪಡಿಸುತ್ತಿದ್ದೆ. ಬಾಗಿಲಲ್ಲಿ ಅಜ್ಜಿ ಬಂದು ನಿಂತರು. ಅವರನ್ನು ಅಲ್ಲಿ ನಾನು ನೋಡಿದ್ದು ಅದೇ ಮೊದಲು.

“ನಾಳೆ ಪೂಜೆಗೆ ಇವನ್ನ ಹಿಂಗೇ ಇಡ್ತೀರಾ? ಇಷ್ಟು ಜಿಡ್ಡು ಇಟ್ಕೊಂಡು?”

ನಾನು ಕೈಲಿದ್ದ ಚೀಟಿ ಕೆಳಗಿಟ್ಟೆ.

“ತಾ ಇಲ್ಲಿ. ದೇವರ ಸಾಮಾನು ತೊಳೆಯೋಕೆ ಹುಣಸೆಹಣ್ಣು ನೆನೆಸಿದೀನಿ. ಇವನ್ನೂ ಉಜ್ಜಿಬಿಡ್ತೀನಿ.”

ಬೇಡ ಅಜ್ಜಿ ಎನ್ನಬೇಕಿತ್ತು. ಹಾಗೆ ಮಾಡಿದರೆ ಏನಾಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ದರಿದ್ರ ಎಂದು ಬೈಯುತ್ತಿದ್ದ ಕಾರಿನ ಬೋಲ್ಟನ್ನು ಅಜ್ಜಿ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡುತ್ತಿದ್ದರು. ನಾನೇ ಡಬ್ಬಗಳನ್ನು ಹೊತ್ತು ಬಚ್ಚಲಿಗೆ ತಂದೆ. ಅಜ್ಜಿ ಒಂದೊಂದಾಗಿ ಎಲ್ಲವನ್ನೂ ಒಂದೇ ಹಿತ್ತಾಳೆ ಬೋಗುಣಿಗೆ ಸುರಿದರು. ಚೀಟಿಗಳು ಒದ್ದೆಯಾಗದಿರಲೆಂದು ಜೋಡಿಸಿ, ಅವಕ್ಕೆ ಜೋಪಾನವಾಗಿ ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟರು.

ಮಾರನೆಯ ಬೆಳಿಗ್ಗೆ ಕಾರಿನ ಮುಂದೆ ಮಣೆಯ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ಬೋಲ್ಟುಗಳ ಗುಡ್ಡ, ಅದರ ನೆತ್ತಿಯಲ್ಲಿ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಕಾರ್ಬುರೇಟರಿನ ಹಿತ್ತಾಳೆಯ ಚೂರುಗಳು ಹೊಸ ದೀಪದಂತೆ ಹೊಳೆಯುತ್ತಿದ್ದವು. ಕಬ್ಬಿಣದವು ರಾತ್ರೋರಾತ್ರಿ ಕಂದು ಬಣ್ಣಕ್ಕೆ ತಿರುಗಿದ್ದವು.

ಮಾವ ಗುಡ್ಡವನ್ನು ನೋಡಿದರು. ಖಾಲಿ ಡಬ್ಬಗಳನ್ನು ನೋಡಿದರು.

“ಪುಟ್ಟಿ, ಇದ್ಯಾರು ಮಾಡಿದ್ದು?”

“ನಾನೇ ಮಾವ.”

“ಅವಳಲ್ಲ ಕಣೋ,” ಎಂದರು ಅಜ್ಜಿ ಹಿಂದಿನಿಂದ, ಕೈಯಲ್ಲಿ ಮಂಗಳಾರತಿಯ ತಟ್ಟೆ. “ನಾನು ತೊಳೆದಿದ್ದು. ಯಾಕೆ, ಏನಾಯ್ತು?”

ಮಾವ ಏನಾಯಿತೆಂದು ಹೇಳಲಿಲ್ಲ. ಆರತಿ ತೆಗೆದುಕೊಂಡು, ಕುಂಬಳಕಾಯಿ ಒಡೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನಾಯಿತೆಂದು ಅಜ್ಜಿಗೆ ಹೇಳಿದವಳು ನಾನು. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ಕೂತಿದ್ದರು.

ವಿಜಯದಶಮಿಯ ದಿನ, ಪೂಜೆಗಿಟ್ಟ ಸಾಮಾನನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾದ ದಿನ, ಗೌಸ್ ಅಂಕಲ್ ಬಂದರು. ಬೋಲ್ಟೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

“ಏನಮ್ಮಾ, ಎಂಜಿನ್ನಿಗೆ ಸಾರು ಮಾಡೋಕೆ ಹೊರಟಿದ್ರಾ?”

ಅಜ್ಜಿ ನಗಲಿಲ್ಲ. “ಹಿತ್ತಾಳೆಗೆ ಸರಿ, ಕಬ್ಬಿಣಕ್ಕೆ ಹುಳಿ ಆಗಲ್ಲಮ್ಮಾ,” ಎಂದು ಗೌಸ್ ಅಂಕಲ್ ಮೆತ್ತಗೆ ಹೇಳಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿದರು.

ಮಾವ ಕೋಣೆಯ ಕಿಟಕಿಯಿಂದಲೇ ಕೂಗಿದರು. “ಬಿಟ್ಬಿಡಿ ಗೌಸ್ ಭಾಯ್. ಇನ್ನೂರಕ್ಕಿಂತ ಮೇಲಿದೆ. ಪುಟ್ಟಿ ಬುಕ್ಕಲ್ಲಿ ಎಷ್ಟು ಅಂತಿದೆ, ಯಾವ್ದು ಅಂತಿಲ್ಲ. ಯಾವ್ದು ಎಲ್ಲಿಂದು ಅಂತ ಯಾರಿಗೆ ಗೊತ್ತು? ಗುಜರಿಯವನಿಗೇ ಹೇಳಿಬಿಡೋಣ.”

ಆ ದನಿ ನನಗೆ ಗೊತ್ತಿತ್ತು. ಒಂದು ವರ್ಷ ಕೋಣೆಯೊಳಗಿದ್ದ ದನಿ.

ಅಜ್ಜಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಅಕ್ಕಿ ಕೇರುವ ಮೊರ ಇತ್ತು. ಮಂಡಿ ನೋವಿನಲ್ಲಿ ಗೋಡೆ ಹಿಡಿದು ಷೆಡ್ಡಿನ ನೆಲದ ಮೇಲೆ ಕೂತರು. ಬೋಲ್ಟುಗಳನ್ನು ಮೊರಕ್ಕೆ ಸುರಿದು, ಕಲ್ಲು ಆರಿಸುವಂತೆ ಬೆರಳಿನಿಂದ ಸರಿಸತೊಡಗಿದರು. ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ.

“ಪುಟ್ಟಿ, ಬರ್ಕೋ. ದೊಡ್ಡ ವಡೆ, ಎಂಟು. ಸಣ್ಣ ವಡೆ, ಹದಿನಾರು.” ವಾಷರುಗಳನ್ನು ಅವರು ಹಾಗೆ ಕರೆದರು. “ಬೋಂಡದ ತಲೇವು, ಆರು.”

ಕಿಟಕಿಯಲ್ಲಿ ಮಾವ ನಿಂತೇ ಇದ್ದರು. ಐದು ನಿಮಿಷ ತಡೆದರೇನೋ.

“ಅಮ್ಮಾ, ಅದನ್ನ ಅಲ್ಲಿ ಹಾಕ್ಬೇಡ. ಅದರ ತಿರುಪಿನ ಗೆರೆ ಬೇರೆ.”

“ಕಣ್ಣಿಗೆ ಒಂದೇ ಥರ ಇದೆ.”

“ಒಂದೇ ಥರ ಇಲ್ಲಮ್ಮ. ಉಗುರಲ್ಲಿ ಗೀರಿ ನೋಡು.”

“ಬಂದು ತೋರ್ಸು. ಅಲ್ಲಿಂದ ಕೂಗಿದ್ರೆ ನಂಗೆ ಕಾಣುತ್ತಾ?”

ಮಾವ ಬಂದರು.

ಆಮೇಲಿನ ದಿನಗಳು ನನಗೆ ಒಂದೇ ಉದ್ದ ಮಧ್ಯಾಹ್ನವಾಗಿ ನೆನಪಿವೆ. ಒಂದು ಬೋಲ್ಟು ಎತ್ತುವುದು, ಒಂದು ತೂತಿಗೆ ಕೊಡುವುದು, ಎರಡು ಸುತ್ತು ಬೆರಳಲ್ಲೇ ತಿರುಗಿಸುವುದು, ಹಿಡಿಯದಿದ್ದರೆ ಇನ್ನೊಂದು ತೂತು. ಸ್ಕೂಲು ಶುರುವಾದ ಮೇಲೆ ನಾನು ಶನಿವಾರ, ಭಾನುವಾರ ಬರುತ್ತಿದ್ದೆ. ಗೌಸ್ ಅಂಕಲ್ ಎಂಜಿನ್ನಿನೊಳಗೆ ಅರ್ಧ ಮುಳುಗಿಕೊಂಡೇ ಕೈ ಚಾಚುತ್ತಿದ್ದರು: “ಅಮ್ಮಾ, ಎರಡು ಸಣ್ಣ ವಡೆ.” ಅಜ್ಜಿ ಮೊರದಿಂದ ಆರಿಸಿ ಕೊಡುತ್ತಿದ್ದರು. “ಚಟ್ನಿ ಬೇಡ್ವಾ?” ಎಂದೂ ಕೇಳುತ್ತಿದ್ದರು. ಕೊನೆಗೆ ಏಳು ಬೋಲ್ಟು ಯಾವ ತೂತಿಗೂ ಸೇರದೆ ಉಳಿದವು. ಅವನ್ನೊಂದು ಡಬ್ಬಕ್ಕೆ ಹಾಕಿ ‘ಮಿಕ್ಕಿದ್ದು’ ಎಂದು ಚೀಟಿ ಬರೆದೆ.

ದೀಪಾವಳಿಗೆ ಮೂರು ದಿನ ಮೊದಲಿನ ಭಾನುವಾರ, ಎರವಲು ತಂದ ಬ್ಯಾಟರಿ ಜೋಡಿಸಿ, ಪೆಟ್ರೋಲು ತುಂಬಿದ ಬಾಟಲಿಯನ್ನು ಮೇಲೆ ತೂಗುಹಾಕಿ, ಗೌಸ್ ಅಂಕಲ್ ಕೈ ಒರೆಸಿಕೊಂಡರು. ಸ್ವಿಚ್ಚು ಒತ್ತಲು ಮಾವ ಅಜ್ಜಿಯನ್ನು ಕರೆದರು. ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು ಕಾರು ಹತ್ತಿ, ಹರಿದ ಸೀಟಿನ ಮೇಲೆ ಹಾಸಿದ್ದ ಗೋಣಿಯ ಅಂಚಿನಲ್ಲಿ ಕೂತು, ಸ್ವಿಚ್ಚು ಒತ್ತಿದರು.

ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಒಂದು ಕೆಮ್ಮು. ಮೂರನೆಯ ಸಲ ಷೆಡ್ಡಿನ ತಗಡುಗಳೆಲ್ಲ ನಡುಗಿದವು. ನೀಲಿ ಹೊಗೆಯಲ್ಲಿ ಬೆಕ್ಕು ಗೋಡೆ ಹಾರಿತು. ಪಕ್ಕದ ಮನೆಯವರು ಮಹಡಿಗೆ ಬಂದು ನೋಡಿದರು. ಮಾವ ಏನೋ ಕೂಗುತ್ತಿದ್ದರು, ಏನೆಂದು ಯಾರಿಗೂ ಕೇಳಿಸಲಿಲ್ಲ. ಎರಡು ನಿಮಿಷ ಇದ್ದೀತು, ನಿಂತಿತು.

ಅಜ್ಜಿ ಮಾತ್ರ ಇಳಿಯಲಿಲ್ಲ.

“ಇದೇ ಸದ್ದು,” ಎಂದರು. “ರಸ್ತೆ ಮೂಲೇಲಿ ತಿರುಗೋವಾಗ್ಲೇ ಕೇಳ್ತಿತ್ತು. ಕೇಳಿದ್ಮೇಲೆ ಸಾರು ಒಲೆಗಿಡ್ತಿದ್ದೆ. ಕೈಕಾಲು ತೊಳ್ಕೊಂಡು ಬರೋ ಹೊತ್ತಿಗೆ ಬಿಸಿ ಇರ್ಲಿ ಅಂತ.”

ಗೌಸ್ ಅಂಕಲ್ ಹೊರಗೆ ಹೋಗಿ ಬೀಡಿ ಹಚ್ಚಿದರು.

ಆ ಕಾರು ನಮ್ಮ ಕೈಯಲ್ಲಿ ಪೂರ್ತಿಯಾಗಲಿಲ್ಲ. ಮಾವನಿಗೆ ಮತ್ತೆ ಕೆಲಸ ಸಿಕ್ಕಿತು; ಬಾಡಿಯ ತುಕ್ಕು, ಸೀಟು, ಬಣ್ಣ ಎಲ್ಲ ಭಾನುವಾರಗಳಿಗೆ ಉಳಿದವು. ಗೌಸ್ ಅಂಕಲ್ ಹೋದರು, ಆಮೇಲೆ ಅಜ್ಜಿ. ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಕಾರನ್ನು ತಲಘಟ್ಟಪುರದ ಒಬ್ಬರು ಕೊಂಡು, ಮೂರು ವರ್ಷ ಹಿಡಿದು ಪೂರ್ತಿ ಮಾಡಿಸಿದರು. ಕಳೆದ ವರ್ಷ ಬಂದು ನೋಡಿ ಎಂದು ಕರೆದರು; ಮಾವನೂ ನಾನೂ ಹೋದೆವು. ನಾನು ನೋಟ್‌ಬುಕ್ಕನ್ನೂ ‘ಮಿಕ್ಕಿದ್ದು’ ಡಬ್ಬವನ್ನೂ ಜೊತೆಗೆ ಒಯ್ದೆ. ಅವರು ಪುಟ ತಿರುವಿ, “ದೊಡ್ಡ ವಡೆ ಅಂದ್ರೇನು ಮೇಡಂ?” ಎಂದು ನಕ್ಕರು. ಹಳೆಯ ಬೋಲ್ಟುಗಳನ್ನೆಲ್ಲ ತೆಗೆಸಿ ಹೊಸದು ಹಾಕಿಸಿದ್ದರು. ನಾನು ನೋಟ್‌ಬುಕ್ಕನ್ನೂ ಡಬ್ಬವನ್ನೂ ಮತ್ತೆ ಚೀಲದೊಳಗೆ ಇಟ್ಟುಕೊಂಡೆ.

ಕಾರು ನಿಜಕ್ಕೂ ಸುಂದರವಾಗಿತ್ತು, ಹಸಿ ಕುಂಕುಮದ ಕೆಂಪು. ಅವರು ಸ್ಟಾರ್ಟ್ ಮಾಡಿ ತೋರಿಸಿದರು. ನಾವು ಪಕ್ಕದಲ್ಲೇ ನಿಂತು ಮೆಲ್ಲಗೆ ಮಾತಾಡಬಹುದಿತ್ತು, ಅಷ್ಟು ನಯವಾಗಿ ಓಡುತ್ತಿತ್ತು.

ವಾಪಸು ಬರುವಾಗ ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು. ಸುತ್ತ ಹಾರ್ನುಗಳು.

“ಚೆನ್ನಾಗಿ ಮಾಡ್ಸಿದಾರೆ,” ಎಂದರು ಮಾವ.

“ಹೂಂ.”

ಸಿಗ್ನಲ್ ಬಿಟ್ಟಿತು. ಮಾವ ಗೇರು ಹಾಕಿದರು.

“ಆದ್ರೆ ಮೂಲೇಲಿ ತಿರುಗಿದಾಗ ಅಮ್ಮಂಗೆ ಕೇಳಿಸ್ತಿರ್ಲಿಲ್ಲ ಕಣೇ.”