ಅಕ್ಕ ನೋಡಿ ಬಂದ ನಡುಗಡ್ಡೆ

ಮಲ್ಪೆಯ ದಂಡೆಯಲ್ಲಿ ವ್ಯಾನ್ ನಿಲ್ಲಿಸಿಕೊಂಡು ಬೆಳಿಗ್ಗೆ ಅನ್ನಕ್ಕಿಟ್ಟಿದ್ದೆ. ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿಗಿದ್ದ ಸಮುದ್ರ ಮರೆತು ಗಜೇಂದ್ರಗಡದ ನಮ್ಮ ಓಣಿ ಕಣ್ಣ ಮುಂದೆ ಬಂತು. ನೂಲಿಗೆ ಗಂಜಿ ಹಚ್ಚಿ ಬಿಸಿಲಿಗೆ ಎಳೆದು ಕಟ್ಟುತ್ತಿದ್ದ ಬಾಜೂ ಮನೆಯ ಅಕ್ಕ… ಅವಳ ಕೈಗೂ ಸೆರಗಿಗೂ ಸದಾ ಇದೇ ವಾಸನೆ.

ನಾವು ನೇಕಾರರು. ನೇಯ್ದ ಸೀರೆ ಹೇರಿಕೊಂಡು ನರೇಗಲ್, ರೋಣದ ಸಂತೆಗೆ ನಾನೇ ಓಡಿಸುತ್ತಿದ್ದ ಗಾಡಿ ಇದು. ಈ ವರ್ಷ ಹಿಂದಿನ ಸೀಟು ಕೀಳಿಸಿ, ಒಂದು ಹಾಸಿಗೆ, ಒಂದು ಗ್ಯಾಸ್ ಒಲೆ ಇಡಿಸಿ, ಒಬ್ಬಳೇ ಹೊರಟೆ. "ಈ ವಯಸ್ಸಿನ್ಯಾಗ ಒಬ್ಬಾಕೀನ ಎಲ್ಲಿ ಹೊಂಟೀಯವ್ವಾ?" ಎಂದು ಓಣಿಯೆಲ್ಲ ಕೇಳಿತು. ನಡುಗಡ್ಡೆ ನೋಡಲು ಎಂದರೆ ನಕ್ಕರು. ನಗಲಿ ಬಿಡಿ. ಕಾರವಾರದ ಕಡೆಯ ನಡುಗಡ್ಡೆಗಳನ್ನೆಲ್ಲ ನೋಡಿಕೊಂಡು ಕೊನೆಗೆ ಇಲ್ಲಿಗೆ ಬಂದೆ. ಈ ಮಲ್ಪೆಯ ನಡುಗಡ್ಡೆಯೊಂದನ್ನು ನೋಡದೆ ವಾಪಸಾದರೂ ನಡೆಯುತ್ತದೆ ಅಂದುಕೊಂಡಿದ್ದೆ. ಅದಕ್ಕೆ ಕಾರಣವೂ ಅಕ್ಕನೇ.

ನನಗಾಗ ಹದಿನೆಂಟೋ ಹತ್ತೊಂಬತ್ತೋ. ಸಮುದ್ರವನ್ನು ಶಾಲೆಯ ನಕಾಶೆಯಲ್ಲಷ್ಟೇ ಕಂಡವಳು. ಓಣಿಯವರು ಟೆಂಪೋ ಮಾಡಿಕೊಂಡು ಉಡುಪಿಗೆ ಹೋಗಿ, ಮಲ್ಪೆಯ ನಡುಗಡ್ಡೆ ನೋಡಿ ಬರುವ ಮಾತಾಯಿತು. ನನ್ನೊಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ. "ನನ್ನ ಕೂಡ ಬರತಾಳ್ರಿ ಕಾಕಾ, ನಾ ಅದೀನಲ್ಲ" ಎಂದು ಒಪ್ಪಿಸಿದವಳು ಅಕ್ಕ. ಒಡಹುಟ್ಟಿದವಳಿಗಿಂತ ಹೆಚ್ಚೆಂದು ಕುಣಿದಾಡಿಬಿಟ್ಟೆ.

ಹೊರಡುವ ದಿನ ಬೆಳಿಗ್ಗೆ ಅವಳ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು, ಬಂದಿತ್ತು. ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಎಳೆ ಸೇರಿಸಿ ಹೊಸೆಯಬೇಕು. ಎಳೆ ಕೂಡಿಸಲು ಕೂತವರು ಮುಗಿಯುವ ತನಕ ಏಳಬಾರದು ಎಂಬುದು ನಮ್ಮ ಮನೆಗಳ ರೂಢಿ. ಎದ್ದರೆ ಮಗ್ಗಕ್ಕೆ ಕೇಡು ಎನ್ನುತ್ತಿದ್ದರು. "ಗಾಡಿ ಮಧ್ಯಾಹ್ನಕ್ಕ ಬರತೈತಿ ತಂಗಿ. ಅಷ್ಟರಾಗ ನೀ ಇದನ್ನ ಕೂಡಸು, ನಾ ಬುತ್ತಿ ಕಟ್ಟತೀನಿ" ಎಂದಳು. ಕೂತೆ. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಹಾರ್ನ್ ಕೇಳಿತು. ಯಾವುದೋ ಲಾರಿ ಅಂದುಕೊಂಡೆ…

ಮಧ್ಯಾಹ್ನ ಅವ್ವ ಬಂದಳು. "ಗಾಡಿ ಹೋಗಿ ಯಾವ ಕಾಲಾತು, ನೀ ಇನ್ನೂ ಇಲ್ಲೇ ಕುಂತೀಯಲ್ಲ!" ನನ್ನ ಸೀಟಿನಲ್ಲಿ ಅಕ್ಕ ತನ್ನ ಸ್ವಂತ ತಂಗಿಯನ್ನು ಕರೆದೊಯ್ದಿದ್ದಳು. ಆಗಲೂ ನಾನು ಏಳಲಿಲ್ಲ. ಅಳುತ್ತಲೇ ಕೊನೆಯ ಎಳೆಯವರೆಗೆ ಕೂಡಿಸಿದೆ. ನಾನು ಏಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ, ಅದು ನನ್ನನ್ನು ಸುಟ್ಟಿತು.

ವಾಪಸ್ ಬಂದವಳು ಒಂದು ಚಿಪ್ಪು ಕೈಗಿಟ್ಟಳು. ಮುಖ ನೋಡಲಿಲ್ಲ. "ಅಲ್ಲಿ ಏನಿಲ್ಲ ತಂಗಿ. ಬರೇ ಕಲ್ಲು. ನೀ ಬರದಿದ್ದದ್ದ ಚಲೋ ಆತು ನೋಡು." ನಂಬಿದೆ. ನಂಬಿದ್ದರಿಂದಲೇ ಸಿಟ್ಟು ಇಳಿಯಿತು. ಮುಂದೆ ಅವಳ ಮಗಳ ಮದುವೆಯ ಸೀರೆ ನಾನೇ ನೇಯ್ದೆ. ಇಲ್ಲಿಗೆ ಬರುವ ಅವಕಾಶ ಸಿಕ್ಕಾಗಲೆಲ್ಲ, ಕಲ್ಲು ನೋಡಲು ಅಷ್ಟು ದೂರ ಯಾಕೆಂದು ನಾನೇ ಬೇಡವೆಂದೆ.

ಒಲೆ ಒರೆಸಿ, ಊಟ ಮುಗಿಸಿ ದೋಣಿ ಹತ್ತಿದೆ. ಕಲ್ಲು ಖರೆ. ಆದರೆ ಎಂಥ ಕಲ್ಲು! ಯಾರೋ ಕಡೆದು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳ ಹಾಗೆ. ಸಂದಿಯಲ್ಲಿ ಹಸಿರು ನೀರು ನುಗ್ಗಿ ಬೆಳ್ಳಗೆ ಒಡೆಯುತ್ತಿತ್ತು. ದಂಡೆಯ ತುಂಬ ಚಿಪ್ಪು. ನೋಡುತ್ತ ನೋಡುತ್ತ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಸೀಟು ಕಿತ್ತುಕೊಂಡದ್ದನ್ನು ಎಂದೋ ಕ್ಷಮಿಸಿದ್ದೆ. ಇದನ್ನು ನೋಡಿ ಬಂದು "ಏನಿಲ್ಲ" ಎಂದದ್ದನ್ನು ಹೇಗೆ ಕ್ಷಮಿಸಲಿ? ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ತನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲು ಹೇಳಿದಳೋ… ಜಗಳ ತೆಗೆದು ಕೇಳೋಣವೆಂದರೆ ಅಕ್ಕ ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ದೋಣಿಯವನು ಸೀಟಿ ಊದಿದ. ಜನ ಹತ್ತಿದರು. "ಬನ್ನಿ ಅಮ್ಮ, ಹೊರಡ್ಲಿಕ್ಕೆ ಆಯ್ತು" ಎಂದು ಕೂಗಿದ.

"ನೀ ಹೋಗಪ್ಪಾ, ಮುಂದಿನ ದೋಣಿಗೆ ಬರತೀನಿ. ನಂದಿನ್ನೂ ಮುಗಿದಿಲ್ಲ" ಎಂದೆ. ದೋಣಿ ಹೋಯಿತು. ನಾನು ಏಳಲಿಲ್ಲ.