ಭಾವನ ಬಾಯಿಗೆ ಬಿದ್ದ ಕಪ್ಪು ಪುಡಿ

ಆ ಭಾನುವಾರ ಬೆಳಿಗ್ಗೆ ಕುಪ್ಪಗಡ್ಡೆಯ ಅಕ್ಕನ ಮನೆ ಬಚ್ಚಲಲ್ಲಿ ನಾವು ನಾಲ್ವರಿದ್ದೆವು: ನಾನು, ಅಕ್ಕ, ಅವಳ ಅತ್ತೆ, ಮತ್ತು ಬಾಯಿ ತುಂಬ ಕಪ್ಪು ನೊರೆ ತುಂಬಿಕೊಂಡು ನಿಂತ ಭಾವ.

ತೊಂಬತ್ತರ ದಶಕದ ಮಾತು. ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತ, ಬಿಡುವಾದಾಗ ಬ್ಯಾಕ್ಟೀರಿಯಾ ಕೊಲ್ಲುವ ಸಂಯುಕ್ತವೊಂದನ್ನು ತಯಾರಿಸಲು ಹೆಣಗುತ್ತಿದ್ದೆ. ಆ ಕ್ರಿಯೆ ಚುರುಕಾಗಲು ಬೇಕಾದ ಕ್ಯಾಟಲಿಸ್ಟ್, ಕಬ್ಬಿಣದ ಲವಣಗಳಿಂದ ನಾನೇ ಮಾಡಿಕೊಂಡ ಕಪ್ಪು ಪುಡಿ. ಈಗ ನ್ಯಾನೋ ಎನ್ನುತ್ತಾರಲ್ಲ, ಅಷ್ಟು ಸಣ್ಣ ಕಣ. ಕೆಲಸ ಮುಗಿದ ಮೇಲೆ ಆಯಸ್ಕಾಂತ ಹಿಡಿದರೆ ಎದ್ದು ಬರುತ್ತಿತ್ತು. ಎಷ್ಟೋ ಸಲ ಕೆಟ್ಟು, ಸರಿಯಾಗಿ ಬಂದದ್ದು ಇದೊಂದೇ ಸಲ. ಸೋಮವಾರ ಅದರಿಂದ ಸಂಯುಕ್ತ ಮಾಡಿ ಮಂಗಳವಾರ ಶಿವಮೊಗ್ಗಕ್ಕೆ ಪರೀಕ್ಷೆಗೆ ಒಯ್ಯದಿದ್ದರೆ ನನ್ನ ಸರದಿ ಮುಂದಿನ ವರ್ಷಕ್ಕೇ.

ಕಾಲೇಜಿನಲ್ಲಿ ಕರೆಂಟಿಲ್ಲದೆ ಪುಡಿ ಒಣಗಿರಲಿಲ್ಲ. ಅಕ್ಕನ ಮನೆಯ ಬಚ್ಚಲೊಲೆ ಆರುವುದೇ ಇಲ್ಲವಲ್ಲ ಎಂದು ಬಸ್ಸಿನಲ್ಲಿ ತಂದು, ಒಲೆಯ ಪಕ್ಕದ ಕಟ್ಟೆಯ ಮೇಲೆ ಬಟ್ಟಲಲ್ಲಿಟ್ಟು ಮಲಗಿದ್ದೆ. ಆ ಮನೆಯವರು ಹಲ್ಲುಜ್ಜುವ ಇದ್ದಿಲ ಪುಡಿಯ ಜಾಗವೂ ಅದೇ ಕಟ್ಟೆ! ಭಾವ ಬಟ್ಟಲನ್ನು ಪೂರಾ ಅಂಗೈಗೆ ಸುರಿದುಕೊಂಡಿದ್ದರು.

"ಭಾವಾ, ನುಂಗಬ್ಯಾಡಿ! ಉಗುಳಲೂ ಬ್ಯಾಡಿ!"

ಎರಡೂ ಬೇಡವೆಂದರೆ ಮನುಷ್ಯ ಮಾಡುವುದೇನು? ಭಾವ ಕಣ್ಣು ಕಣ್ಣು ಬಿಟ್ಟರು. ಅಕ್ಕ ಚೊಂಬು ಹಿಡಿದಳು. "ಇದ್ರಾಗೆ ಉಗೀರಿ."

ಬಾಯಿ ಮುಕ್ಕಳಿಸಿ, ಕೈಯನ್ನೂ ಅದರಲ್ಲೇ ತೊಳೆದು ಭಾವ ಕೇಳಿದರು: "ಹುಳ ಸಾಯೋ ಔಷಧಿ ಅಂತಿದ್ಯಲ್ಲೋ. ನಂಗೆ ಎಂತದೂ ಆಗಲ್ವ?"

"ಇದು ಔಷಧಿ ಅಲ್ಲ ಭಾವ, ಔಷಧಿ ಕಟ್ಟೋ ಮೇಸ್ತ್ರಿ. ಮನೆ ಕಟ್ಟಿಕೊಟ್ಟು ಆಚೆ ಬರ್ತಾನೆ, ಒಳಗೆ ಉಳಿಯಲ್ಲ."

"ಮೇಸ್ತ್ರಿನ ನನ್ ಬಾಯೊಳಗೆ ಎಂತಕ್ಕೆ ಬಿಟ್ಯ ಮಾರಾಯ?"

ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತ ನನ್ನ ಚೀಲದಲ್ಲಿತ್ತು. ಚೊಂಬಿನ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಹೊರಗಿನಿಂದ ಆಯಸ್ಕಾಂತ ಒತ್ತಿ ಹಿಡಿದೆ. ಕಪ್ಪೆಲ್ಲ ದಂಡುಕಟ್ಟಿ ಒಂದೇ ಕಡೆ ಸರಿದು ಗಾಜಿಗೆ ಕಚ್ಚಿಕೊಂಡಿತು. ತಿಳಿನೀರು ಚೆಲ್ಲಿದೆ, ಮತ್ತೆ ತೊಳೆದೆ, ಮತ್ತೆ ಹಿಡಿದೆ. ಕುಣಿಯುವಷ್ಟು ಖುಷಿ!

"ಮೀಸ್ಯಾಗೆ ಇನ್ನೂ ಐತಿ ನೋಡೋ," ಎಂದಳು ಅಕ್ಕ. ಆಯಸ್ಕಾಂತಕ್ಕೆ ಕಾಗದ ಸುತ್ತಿ ಭಾವನ ಮೀಸೆಯ ಮೇಲೆ ಆಡಿಸಿದೆ. ಅವರು ಕಚಗುಳಿಯಾಗಿ ಸೀನಿದರು. ಅತ್ತೆ ನಕ್ಕು ನಕ್ಕು ನೆಲಕ್ಕೇ ಕುಕ್ಕರಿಸಿ ಅಂದರು:

"ಭಾವ ಉಗಿದಿದ್ದು ಹೆಕ್ಕಕ್ಕೆ ಇಷ್ಟು ಓದಬೇಕು ಅಂತ ಇವತ್ತೇ ಗೊತ್ತಾಗಿದ್ದು ಕಣೋ!"

ಮಾರನೆಯ ದಿನ ಕಾಲೇಜಿನಲ್ಲಿ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಮತ್ತೆ ತೊಳೆದು, ಒಣಗಿಸಿ, ಕೆಲಸಕ್ಕೆ ಹಚ್ಚಿದೆ. ಸಂಜೆಗೆ ಬಿಳಿ ಹರಳು ಇಳಿಯಿತು. ಮಂಗಳವಾರ ಶಿವಮೊಗ್ಗಕ್ಕೆ ಒಯ್ದು ಕೊಟ್ಟೆ. ಎರಡು ದಿನ ಬಿಟ್ಟು ಅಲ್ಲಿ ಪರೀಕ್ಷೆಯ ತಟ್ಟೆ ತೆರೆದಾಗ, ನಾನು ಕೊಟ್ಟ ಸಂಯುಕ್ತ ಹಾಕಿದ ಜಾಗದ ಸುತ್ತ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಅಲ್ಲಿಂದ ನೇರ ಸೊರಬದ ಬಸ್ಸು ಹತ್ತಿ, ಕುಪ್ಪಗಡ್ಡೆಗೆ ಹೋಗಿ ಭಾವನಿಗೆ ಹೇಳಿ ಬಂದೆ.